ಸೇವೆಯ ತೂಕ, ವೇತನದ ಅಳತೆ

ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಅಚೌರ್ಯಾಣುವ್ರತಕ್ಕೆ ಐದು ಅತಿಚಾರಗಳನ್ನು ಹೇಳಿದೆ. ಅವುಗಳಲ್ಲಿ ಹೀನಾಧಿಕ ಮಾನೋನ್ಮಾನವೂ ಒಂದು. ಎಂದರೆ ಕೊಳ್ಳುವಾಗ ಒಂದು ಅಳತೆ, ಕೊಡುವಾಗ ಇನ್ನೊಂದು ಅಳತೆ. ವ್ಯಾಪಾರಿಗಳಾದ ನಾವು ಇದನ್ನು ತಕ್ಕಡಿಗೆ, ಸೇರಿಗೆ, ಗಜಕಡ್ಡಿಗೆ ಅನ್ವಯಿಸಿಕೊಂಡು ಸಮಾಧಾನ ಹೊಂದುತ್ತೇವೆ. ಮನುಷ್ಯನ ಶ್ರಮವನ್ನು ಅಳೆಯುವಲ್ಲಿಯೂ ಈ ಅತಿಚಾರ ಸಂಭವಿಸಬಹುದೆಂದು ಯೋಚಿಸುವವರು ವಿರಳ.

ನಮ್ಮ ಅನೇಕ ಮನೆಗಳಲ್ಲಿ ಇಂದು ಹಾಸಿಗೆ ಹಿಡಿದ ಹಿರಿಯರಿದ್ದಾರೆ; ಮಕ್ಕಳು ದೂರದ ಊರುಗಳಲ್ಲಿದ್ದಾರೆ. ಹಿರಿಯರ ಆರೈಕೆಗೆ ಒಬ್ಬ ಹೆಣ್ಣುಮಗಳನ್ನು ನೇಮಿಸಿಕೊಳ್ಳುತ್ತೇವೆ. ಆಕೆ ಮೈ ಒರೆಸುತ್ತಾಳೆ, ಬೆನ್ನು ಹುಣ್ಣಾಗದಂತೆ ರಾತ್ರಿಯಿಡೀ ಮಗ್ಗುಲು ಬದಲಿಸುತ್ತಾಳೆ, ಸಕ್ಕರೆಯ ಪ್ರಮಾಣ ನೋಡಿ ಬರೆದಿಡುತ್ತಾಳೆ, ಮೂಗಿನ ಕೊಳವೆಯ ಮೂಲಕ ಸೂರ್ಯಾಸ್ತಕ್ಕೆ ಮೊದಲೇ ಆಹಾರ ಕೊಡುತ್ತಾಳೆ. ಲೆಕ್ಕದ ಪುಸ್ತಕದಲ್ಲಿ ಮಾತ್ರ ಆಕೆ 'ಆಯಾ'.

ಕಾನೂನಿನಲ್ಲಿ ಈ ಹೆಸರಿಗೆ ಬೆಲೆಯುಂಟು. ಕನಿಷ್ಠ ವೇತನವನ್ನು ಗೊತ್ತುಪಡಿಸುವಾಗ ಕೆಲಸವನ್ನು ಅಕುಶಲ, ಅರೆಕುಶಲ, ಕುಶಲ, ಅತಿಕುಶಲ ಎಂದು ವಿಂಗಡಿಸುವುದು ವಾಡಿಕೆ. ಊರಿನ ಮೇಲೂ ದರ ಬದಲಾಗುತ್ತದೆ. 1948ರ ಕಾಯ್ದೆಯ ಕಾಲದಲ್ಲಿಯೇ, 2004ರಲ್ಲಿ, ಕರ್ನಾಟಕವು ಮನೆಗೆಲಸಕ್ಕೂ ಕನಿಷ್ಠ ವೇತನವನ್ನು ನಿಗದಿಪಡಿಸಿತು. 2025ರ ನವೆಂಬರ್ 21ರಿಂದ ಜಾರಿಗೆ ಬಂದ 2019ರ ವೇತನ ಸಂಹಿತೆಯೂ ಈ ನಾಲ್ಕು ವರ್ಗಗಳನ್ನು ಉಳಿಸಿಕೊಂಡಿದೆ. ಕೊಳವೆ, ಸೂಜಿ, ಔಷಧದ ವೇಳೆ ಇವೆಲ್ಲವನ್ನೂ ಬಲ್ಲವಳನ್ನು ಕಸ ಗುಡಿಸುವ ದರಕ್ಕೆ ಬರೆದುಕೊಂಡರೆ ಅದು ಕುಶಲವನ್ನು ಕೊಂಡು ಅಕುಶಲದ ಬೆಲೆ ಕೊಟ್ಟಂತೆ. (ಗುಡಿಸುವ ಕೆಲಸ ಹೀನವೆಂದು ನನ್ನ ಅಭಿಪ್ರಾಯವಲ್ಲ.) ಕಳ್ಳತೂಕದ ಬಟ್ಟಿಗೂ ಈ ಹೆಸರಿಗೂ ಇರುವ ಭೇದವೇನು?

ಇನ್ನು ವೇಳೆಯ ಅಳತೆ. ಮನೆಯಲ್ಲಿಯೇ ಉಳಿದುಕೊಂಡವಳ ರಾತ್ರಿಯನ್ನು ನಾವು ವಿಶ್ರಾಂತಿಯೆಂದು ಎಣಿಸುತ್ತೇವೆ. ಆದರೆ ರೋಗಿಯ ಕೆಮ್ಮಿಗೆ ಎಚ್ಚರಗೊಳ್ಳಲೆಂದೇ ಮಲಗಿದವಳ ನಿದ್ರೆ ಅವಳದಲ್ಲ. ಅಹಿಂಸಾಣುವ್ರತದ ಅತಿಚಾರಗಳಲ್ಲಿ ಅತಿಭಾರಾರೋಪಣವನ್ನು ಎತ್ತಿಗೂ ಕುದುರೆಗೂ ಹೇಳಿದ್ದೆಂದು ಅಲ್ಲಿಯೇ ನಿಲ್ಲಿಸುವುದು ಸರಿಯೆ?

'ಇದು ಸೇವೆ, ಪುಣ್ಯಕಾರ್ಯ. ಇದಕ್ಕೆ ಬೆಲೆ ಕಟ್ಟಬಾರದು' ಎಂಬ ಮಾತು ಟ್ರಸ್ಟ್‌ಗಳ ಸಭೆಗಳಲ್ಲಿ ಕೇಳಿಬರುವುದುಂಟು. ವೈಯಾವೃತ್ಯವನ್ನು ಆರು ಅಂತರಂಗ ತಪಸ್ಸುಗಳಲ್ಲಿ ಎಣಿಸಿರುವುದು ನಿಜ. ಆದರೆ ತಪಸ್ಸು ಆಚರಿಸುವವನ ಸಂಕಲ್ಪದಿಂದ ಹುಟ್ಟತಕ್ಕದ್ದು. ಮಕ್ಕಳ ಶಾಲೆಯ ಶುಲ್ಕಕ್ಕಾಗಿ ದುಡಿಯಲು ಬಂದವಳ ಮೇಲೆ ನಾವು ತಪಸ್ಸನ್ನು ಹೊರಿಸಿ, ಅದರ ಪುಣ್ಯವನ್ನು ವೇತನದಲ್ಲಿ ಮುರಿದುಕೊಳ್ಳಲಾಗದು. ಹಬ್ಬಕ್ಕೆ ಕೊಡುವ ಸೀರೆ ದಾನ; ಸಂಬಳ ಋಣ. ಋಣವನ್ನು ಉಳಿಸಿಕೊಂಡು ದಾನ ಕೊಟ್ಟರೆ ಜಮಾ-ಖರ್ಚು ಸರಿಹೋಗದು. ಆಶಾಧರರು ಸಾಗಾರಧರ್ಮಾಮೃತದಲ್ಲಿ ಗೃಹಸ್ಥನ ಗುಣಗಳನ್ನು ಎಣಿಸುವಾಗ ನ್ಯಾಯೋಪಾರ್ಜಿತ ಧನವನ್ನೇ ಮೊದಲಿಗಿಟ್ಟರು.

'ನಮಗೆ ಶಕ್ತಿಯಿಲ್ಲ' ಎಂಬ ಆಕ್ಷೇಪವನ್ನು ನಾನು ಹಗುರವಾಗಿ ಕಾಣೆ. ನಿವೃತ್ತಿ ವೇತನದಲ್ಲಿ ಬಾಳುವ ಮಗನೊಬ್ಬ ತಾಯಿಯ ಆರೈಕೆಗೆ ನ್ಯಾಯವಾದ ದರ ಕೊಡಲಾರದೆ ಹೋಗಬಹುದು. ಆದರೆ ಕನಿಷ್ಠ ವೇತನಕ್ಕೆ ಮಾಲೀಕನ ಶಕ್ತಿ ಅಪ್ರಸ್ತುತವೆಂದು ಸುಪ್ರೀಂ ಕೋರ್ಟ್ 1961ರಲ್ಲಿ ಹೇಳಿತು. ಅದಕ್ಕಿಂತ ಕಡಮೆಗೆ ದುಡಿಸುವುದು ಸಂವಿಧಾನದ 23ನೆಯ ವಿಧಿ ನಿಷೇಧಿಸಿದ ಬಲವಂತದ ದುಡಿಮೆಯೆಂದು 1982ರಲ್ಲಿ ತೀರ್ಪಿತ್ತಿತು. ಶಕ್ತಿ ಇಲ್ಲದವನು ದರ ಇಳಿಸುವ ಬದಲು ವೇಳೆಯನ್ನು ಇಳಿಸಲಿ: ಹಗಲಿಗೆ ಮಾತ್ರ ಆಕೆಯನ್ನು ಇಟ್ಟುಕೊಂಡು, ರಾತ್ರಿಯ ಪಾಳಿಯನ್ನು ಮಕ್ಕಳು, ಸೊಸೆಯಂದಿರು, ಮೊಮ್ಮಕ್ಕಳು ಹಂಚಿಕೊಳ್ಳಲಿ. ನಿಜವಾದ ವೈಯಾವೃತ್ಯಕ್ಕೆ ಅಲ್ಲಿ ಅವಕಾಶವಿದೆ. ತಾಯಿಯ ಶಕ್ತಿಮೀರಿದ ಕಾಯಿಲೆಗೆ ಸಮಾಜದ ನಿಧಿಯಿಂದ ನೆರವು ಕೇಳುವುದೂ ಅವಮಾನವಲ್ಲ.

ಏಜೆನ್ಸಿಯ ಮೂಲಕ ನೇಮಿಸಿಕೊಂಡವರು 'ನಾವು ಪೂರ್ಣ ಕೊಟ್ಟಿದ್ದೇವೆ, ಮುಂದಿನದು ಅವರ ಲೆಕ್ಕ' ಎನ್ನುತ್ತಾರೆ. ಕೃತ, ಕಾರಿತ, ಅನುಮೋದನ ಎಂಬ ಮೂರನ್ನೂ ಬಲ್ಲ ನಾವು ಹಾಗೆ ಹೇಳಬಹುದೆ? ಕೊಟ್ಟ ಹಣದಲ್ಲಿ ಆಕೆಯ ಕೈಗೆ ಎಷ್ಟು ಸೇರಿತೆಂದು ಒಮ್ಮೆ ಕೇಳಬಹುದು. ಇನ್ನು ವೃದ್ಧಾಶ್ರಮ, ಚಿಕಿತ್ಸಾಲಯ ನಡೆಸುವ ಟ್ರಸ್ಟ್‌ಗಳು ವಾರ್ಷಿಕ ವರದಿಯಲ್ಲಿ ದಾನಿಗಳ ಪಟ್ಟಿಯನ್ನು ಪುಟಗಟ್ಟಲೆ ಅಚ್ಚು ಹಾಕಿಸುತ್ತವೆ. ಅದರ ಎದುರಿನ ಪುಟದಲ್ಲಿ ಪರಿಚಾರಕಿಯರು ಎಷ್ಟು ಮಂದಿ, ಯಾವ ವರ್ಗದಲ್ಲಿ, ಎಷ್ಟು ಗಂಟೆಗೆ, ಯಾವ ವೇತನಕ್ಕೆ ಎಂಬುದನ್ನೂ ಹಾಕಿಸಲಿ. ಮುಂದಿನ ಸರ್ವಸದಸ್ಯರ ಸಭೆಯಲ್ಲಿ ಅದನ್ನು ಓದಿಹೇಳಲಿ.