ಗಾಡಿ ಹೇಳೋ ಸುಳ್ಳು

ಬಾಯಿ ಬಿಡದೇ ಸುಳ್ಳು ಹೇಳೋಕೆ ಆಗುತ್ತಾ? ಒಂದು ಸೆಕೆಂಡ್ ಹ್ಯಾಂಡ್ ಎಸ್‌ಯುವಿ ತಗೊಂಡ ಮೇಲೆ ಈ ಪ್ರಶ್ನೆ ನನ್ನ ತಲೆ ಹೊಕ್ಕಿದೆ.

2023ರಲ್ಲಿ ನಾನು ತಗೊಂಡಿದ್ದು 2015ರ ಮಾಡೆಲ್. ಒಂದು ಜರ್ಮನ್ ಕಂಪನಿಯ ಡೀಸೆಲ್ ಗಾಡಿ. ಹೊಸದಾಗಿದ್ದಾಗ ಬೆಂಗಳೂರಲ್ಲಿ ಆನ್‌ರೋಡ್ ಬೆಲೆ ಹತ್ತಿರ ಹತ್ತಿರ 60 ಲಕ್ಷ. ನಾನು ಕೊಟ್ಟಿದ್ದು 17 ಲಕ್ಷ, ಅದರಲ್ಲಿ 10 ಲಕ್ಷ ಸಾಲ. ಅದೇ ದುಡ್ಡಿಗೆ ಶೋರೂಮಿಂದ ಒಂದು ಹೊಸ ಕ್ರೆಟಾ ಓಡಿಸ್ಕೊಂಡು ಬರಬಹುದಿತ್ತು. ಆಫೀಸಿನ ಗೆಳೆಯರು ಅದನ್ನೇ ಮಾಡಿದ್ರು. ನನಗೆ ಆ ಸ್ಟೀರಿಂಗಿನ ತೂಕ, ಘಾಟಿಯ ತಿರುವಲ್ಲಿ ಗಾಡಿ ನೆಲ ಕಚ್ಚಿಕೊಂಡು ಹೋಗೋ ರೀತಿ ಇಷ್ಟ ಆಯ್ತು, ತಗೊಂಡೆ. ಅದರ ಬಗ್ಗೆ ಇವತ್ತಿಗೂ ಬೇಜಾರಿಲ್ಲ.

ಇಷ್ಟೊಂದು ಬೆಲೆ ಇಳಿಯೋದರಲ್ಲಿ ಮಾಯಮಂತ್ರ ಏನೂ ಇಲ್ಲ. ಇನ್ಶೂರೆನ್ಸ್‌ನೋರು ಬಳಸೋ ಪಟ್ಟಿ ನೋಡಿ. ಒಂದು ವರ್ಷ ದಾಟಿದ ಗಾಡಿಯ ಬೆಲೇಲಿ ಶೇ. 20 ಕಳೀತಾರೆ, ನಾಲ್ಕು ವರ್ಷ ದಾಟಿದ್ದಕ್ಕೆ ಶೇ. 50. ಐದು ವರ್ಷ ಆದ ಮೇಲೆ ಪಟ್ಟೀನೇ ಇಲ್ಲ, ಇಬ್ಬರೂ ಮಾತಾಡಿಕೊಂಡು ಒಂದು ಬೆಲೆಗೆ ಒಪ್ಪಬೇಕು. ನಮ್ಮ ರಾಜ್ಯದಲ್ಲಿ 20 ಲಕ್ಷ ಮೀರಿದ ಕಾರಿಗೆ ಶೇ. 18ರಷ್ಟು ಜೀವಾವಧಿ ತೆರಿಗೆ, ಅದರ ಮೇಲೆ ಸೆಸ್. ಅದನ್ನೂ ಮೊದಲನೇ ಓನರ್ ಕಟ್ಟಿ ಮುಗಿಸಿರ್ತಾನೆ.

ಆದ್ರೆ ಇಳಿಯೋದು ಗಾಡಿಯ ಬೆಲೆ ಮಾತ್ರ. ನಾಲ್ಕು ಟೈರ್ ಬದಲಾಯಿಸೋಕೆ 88 ಸಾವಿರ ಆಯ್ತು. ಗಾಡಿ ಎಂಟು ವರ್ಷ ಹಳೇದು ಅಂತ ಟೈರ್ ಅಂಗಡಿಯವರು ಕಮ್ಮಿ ತಗೊಳ್ಳಲ್ಲ. 17 ಲಕ್ಷಕ್ಕೆ ಸಿಕ್ಕಿದ್ದನ್ನ 60 ಲಕ್ಷದ ಗಾಡಿ ಥರಾನೇ ಸಾಕಬೇಕು. ಹಳ್ಳಿಯವರಿಗೆ ಇದು ಹೊಸ ವಿಷಯ ಅಲ್ಲ. ಹಸು ಅಗ್ಗಕ್ಕೆ ಸಿಕ್ತು ಅಂತ ಹಿಂಡಿ ಅಗ್ಗಕ್ಕೆ ಸಿಗಲ್ಲ. ಇಷ್ಟೆಲ್ಲಾ ನಾನು ಮೊದಲೇ ಲೆಕ್ಕ ಹಾಕಿದ್ದೆ. ಇಲ್ಲಿ ಬರೀತಿರೋದು ಗಾಡಿ ಜೊತೆ ಬರೋ ಇನ್ನೊಂದು ವಿಷಯದ ಬಗ್ಗೆ. ಅದರ ಬೆಲೆಯೂ ಇಳಿಯಲ್ಲ.

ಅದಕ್ಕೆ ಮೊದಲು ಒಂದು ಸಣ್ಣ ಪಾಠ. ಜಾರ್ಜ್ ಅಕರ್ಲಾಫ್ ಅನ್ನೋ ಅಮೆರಿಕದ ಅರ್ಥಶಾಸ್ತ್ರಜ್ಞ 1970ರಲ್ಲಿ ಹಳೇ ಕಾರುಗಳ ಮಾರುಕಟ್ಟೆ ಬಗ್ಗೆ ಒಂದು ಪ್ರಬಂಧ ಬರೆದರು. ಕಾರಿನ ಹುಳುಕು ಮಾರೋನಿಗೆ ಗೊತ್ತು, ಕೊಳ್ಳೋನಿಗೆ ಗೊತ್ತಿಲ್ಲ. ಹಾಗಾಗಿ ಕೊಳ್ಳೋನು ಎಲ್ಲ ಕಾರನ್ನೂ ಅನುಮಾನದಿಂದ ನೋಡಿ ಕಮ್ಮಿ ಬೆಲೆ ಹೇಳ್ತಾನೆ. ಒಳ್ಳೇ ಕಾರು ಇಟ್ಕೊಂಡೋನು ಈ ಬೆಲೆಗೆ ಯಾರು ಕೊಡ್ತಾರೆ ಅಂತ ಮಾರುಕಟ್ಟೆಯಿಂದ ಹಿಂದೆ ಸರೀತಾನೆ. ಕೊನೆಗೆ ಸಂತೇಲಿ ಉಳಿಯೋದು ಹುಳುಕು ಕಾರುಗಳೇ. 2001ರಲ್ಲಿ ಇನ್ನಿಬ್ಬರ ಜೊತೆ ಅವರಿಗೆ ನೊಬೆಲ್ ಬಂತು. ನಮ್ಮ ದೇಶದಲ್ಲಿ ಮೀಟರ್ ತಿರುಗಿಸಿ ಒಂದೂವರೆ ಲಕ್ಷ ಕಿಲೋಮೀಟರನ್ನ ಅರವತ್ತು ಸಾವಿರ ಮಾಡೋರನ್ನ ನೋಡಿದವರಿಗೆ ಈ ಪ್ರಬಂಧ ಬೇಗ ಅರ್ಥ ಆಗುತ್ತೆ.

ಮೀಟರ್ ತಿರುಗಿಸೋದು ಮೋಸ, ಇದರಲ್ಲಿ ಯಾರಿಗೂ ಅನುಮಾನ ಇಲ್ಲ. ಕ್ಲಚ್ ಹೋಗಿರೋದು ಗೊತ್ತಿದ್ದೂ ಸುಮ್ಮನಿದ್ದು ಮಾರೋದೂ ಮೋಸಾನೇ. ಸರಿ, ಈಗ ಗಾಡಿ ನನ್ನ ಕೈಗೆ ಬಂತು. ಅಪಾರ್ಟ್‌ಮೆಂಟಿನ ಸೆಕ್ಯೂರಿಟಿ ಮುಂಚೆ ನನ್ನ ಹಳೇ ವ್ಯಾಗನ್‌ಆರ್‌ಗೆ ಕೈಬೀಸಿ ಕಳಿಸ್ತಿದ್ದೋರು ಈಗ ಸೆಲ್ಯೂಟ್ ಹೊಡೀತಾರೆ. ಮದುವೆ ಮನೇಲಿ ಪಾರ್ಕಿಂಗ್ ನೋಡ್ಕೊಳ್ಳೋ ಹುಡುಗ ಬಾಗಿಲ ಹತ್ತಿರದ ಜಾಗ ತೋರಿಸ್ತಾನೆ. ಇವರೆಲ್ಲ ಗೌರವ ಕೊಡ್ತಿರೋದು 60 ಲಕ್ಷ ಕೊಟ್ಟವನಿಗೆ. ಆತ ಯಾರೋ, ಎಲ್ಲಿದ್ದಾನೋ. ನಾನು 17 ಲಕ್ಷದವನು ಅನ್ನೋದು ಬರೆದಿರೋದು ಡ್ಯಾಶ್‌ಬೋರ್ಡಿನ ಒಳಗಿರೋ ಆರ್‌ಸಿಯಲ್ಲಿ ಮಾತ್ರ: ಓನರ್ ಸೀರಿಯಲ್ 2. ಮಾರೋನ ಮೌನ ಮೋಸ ಆದ್ರೆ, ಈ ನನ್ನ ಮೌನ ಏನು?

ಗೆಳೆಯನೊಬ್ಬನ ಹತ್ತಿರ ಇದನ್ನ ಹೇಳಿದಾಗ ನಕ್ಕ. "ಬೆಲೆ ಚೀಟಿ ಅಂಟಿಸ್ಕೊಂಡು ಓಡಾಡ್ತೀಯೇನೋ? ಅವರು ತಪ್ಪು ತಿಳ್ಕೊಂಡ್ರೆ ಅದು ಅವರ ಸಮಸ್ಯೆ. ನಿನ್ನಿಂದ ಯಾರಿಗೆ ನಷ್ಟ ಆಯ್ತು?" ಅಂದ. ಒಳ್ಳೇ ವಾದ. ಸೆಲ್ಯೂಟಿನ ಮಟ್ಟಿಗೆ ನಾನೂ ಒಪ್ತೀನಿ. ಸೆಲ್ಯೂಟ್ ಹೊಡೆದೋರ ಜೇಬಿಂದ ಏನೂ ಹೋಗಲ್ಲ. ಆದ್ರೆ ಊರಲ್ಲಿ ಈ ವಾದ ನಿಲ್ಲಲ್ಲ.

ನಮ್ಮೂರು ತಿಪಟೂರು ಕಡೆ. ಅಪ್ಪನಿಗೆ ಎರಡೂವರೆ ಎಕರೆ ತೆಂಗು. ಸೊಸೈಟಿಗೆ ಹೋದರೆ ಕಂಬಕ್ಕೆ ಒರಗಿ ನಿಂತು, ಕರೆದಾಗ ಒಳಗೆ ಹೋಗ್ತಿದ್ದೋರು. ನಾನು ಈ ಗಾಡೀಲಿ ಎರಡು ಸಲ ಊರಿಗೆ ಹೋಗಿ ಬಂದ ಮೇಲೆ ಸೆಕ್ರೆಟರಿ ಅಪ್ಪನಿಗೆ ಕುರ್ಚಿ ಹಾಕೋಕೆ ಶುರು ಮಾಡಿದ್ರು. ಅಪ್ಪನಿಗೆ ಗಾಡಿಯ ನಿಜವಾದ ಬೆಲೆ ಮೊದಲ ದಿನದಿಂದಲೂ ಗೊತ್ತು. "ಯಾರಾದ್ರೂ ಕೇಳಿದ್ರೆ ಸೆಕೆಂಡ್ ಹ್ಯಾಂಡು ಅಂತ ನೀನಾಗೇ ಹೇಳಕ್ ಹೋಗ್ಬೇಡ ಕಣೋ" ಅಂದ್ರು, ಅಷ್ಟೇ. ಅವರು ಸುಳ್ಳು ಹೇಳು ಅನ್ನಲಿಲ್ಲ. ಐವತ್ತು ವರ್ಷ ನಿಂತಿದ್ದೋರು ಕೂತ್ಕೊಂಡಿದ್ದಾರೆ, ಎಬ್ಬಿಸಬೇಡ ಅಂದ್ರು.

ಅದೇ ವರ್ಷ ಚಿಕ್ಕಪ್ಪ ಮನೆಗೆ ಬಂದ್ರು. ಅವರ ಮಗಳಿಗೆ ನರ್ಸಿಂಗ್ ಸೀಟು ಸಿಕ್ಕಿತ್ತು, ಮೂರು ಲಕ್ಷ ಬೇಕಿತ್ತು. "ಬಡ್ಡಿಗೇ ಕೊಡಪ್ಪಾ. ನಿಂಗೆ ಇದೇನ್ ಮಹಾ" ಅಂತ ಅಂಗಳದಲ್ಲಿ ನಿಂತಿದ್ದ ಗಾಡಿ ಕಡೆ ನೋಡಿದ್ರು. ನನ್ನ ಹತ್ತಿರ ಮೂರು ಲಕ್ಷ ಇರಲಿಲ್ಲ. ಬರೀ "ಇಲ್ಲ ಚಿಕ್ಕಪ್ಪ" ಅಂದಿದ್ರೆ ಅದು ನೂರಕ್ಕೆ ನೂರು ನಿಜ. ಆದ್ರೆ ಆ ಗಾಡಿ ಪಕ್ಕದಲ್ಲಿ ನಿಂತು ಹೇಳಿದ ಆ ನಿಜ ಅವರ ಕಿವಿಗೆ ಸುಳ್ಳಾಗಿ ಕೇಳುತ್ತೆ. ಕೊಡೋಕೆ ಆಗಲ್ಲ ಅನ್ನೋದು ಕೊಡೋಕೆ ಇಷ್ಟ ಇಲ್ಲ ಅಂತಾಗುತ್ತೆ. ಅಣ್ಣನ ಮಗ ದೊಡ್ಡವನಾಗಿ ನಮ್ಮನ್ನ ಮರೆತ ಅಂತ ಅವರು ಮನೆಗೆ ಹೋಗ್ತಾರೆ. ಆ ಹುಡುಗಿಯೂ ಹಾಗೇ ನೆನಪಿಟ್ಕೊಳ್ತಾಳೆ. ಯಾರಿಗೆ ನಷ್ಟ ಅಂತ ಗೆಳೆಯ ಕೇಳಿದ್ನಲ್ಲ, ಇವರಿಗೆ.

ಅಪ್ಪನ ಎದುರಿಗೇ ಹೇಳಿದೆ. ಇದು ಎಂಟು ವರ್ಷ ಹಳೇ ಗಾಡಿ, 17 ಲಕ್ಷ, ತಿಂಗಳಿಗೆ 22 ಸಾವಿರ ಕಂತು ಕಟ್ತಿದೀನಿ, ಈಗ 50 ಸಾವಿರ ಆಗುತ್ತೆ, ಬಡ್ಡಿ ಬೇಡ. ಚಿಕ್ಕಪ್ಪ ಒಂದು ನಿಮಿಷ ಗಾಡೀನೇ ನೋಡಿದ್ರು. "ಅಯ್ಯೋ ಅಷ್ಟೇನಾ? ನಾನೆಲ್ಲೋ ನೀನು ಬೇಕಂತಲೇ ಇಲ್ಲ ಅಂತೀಯ ಅಂದ್ಕೊಂಡೇ ಬಂದಿದ್ದೆ ಕಣಪ್ಪಾ" ಅಂದ್ರು. ಅವರ ಮುಖ ಹಗುರ ಆಯ್ತು. ಅಪ್ಪ ಎದ್ದು ತೋಟದ ಕಡೆ ಹೋದ್ರು.

ಬೆಲೆ ಕೇಳದೇ ಗಾಡಿ ನೋಡಿ ತೀರ್ಮಾನ ಮಾಡೋದು ಚಿಕ್ಕಪ್ಪ ಒಬ್ಬರೇ ಅಲ್ಲ, ಸರ್ಕಾರವೂ ಹಾಗೇ. ಸ್ವಂತಕ್ಕೆ ಬಿಳಿ ಬೋರ್ಡಿನ ಕಾರಿದ್ದರೆ ಬಿಪಿಎಲ್ ಕಾರ್ಡಿಲ್ಲ. ಅದು ಐವತ್ತು ಸಾವಿರದ ಹಳೇ ಮಾರುತಿಯೋ ಐವತ್ತು ಲಕ್ಷದ್ದೋ, ನಿಯಮಕ್ಕೆ ಎರಡೂ ಒಂದೇ. ನಮ್ಮೆಲ್ಲರಿಗೂ ಬದುಕೋಕೆ ಇಂಥ ಗುರುತುಗಳು ಬೇಕು. ಪ್ರತಿಯೊಬ್ಬರ ಬ್ಯಾಂಕ್ ಪಾಸ್‌ಬುಕ್ ಕೇಳಿ ನೋಡೋಕೆ ಆಗಲ್ಲ. ಯಾರ ಹತ್ತಿರ ಸಹಾಯ ಕೇಳಬಹುದು, ಯಾರ ಮಾತಿಗೆ ತೂಕ ಕೊಡಬೇಕು ಅನ್ನೋದನ್ನ ಕಣ್ಣಿಗೆ ಕಂಡಿದ್ದರಿಂದಲೇ ಅಂದಾಜು ಮಾಡ್ತೀವಿ. ಹಾಗಾಗಿ ತಪ್ಪು ತಿಳ್ಕೊಂಡ್ರೆ ಅವರ ಸಮಸ್ಯೆ ಅನ್ನೋದು ಪೂರ್ತಿ ಸರಿಯಲ್ಲ. ಆ ತಪ್ಪಿನಿಂದ ನನಗೊಂದು ಲಾಭ ಬರ್ತಿದ್ದರೆ ಅದರ ಸಾಲವೂ ನನ್ನ ಹೆಸರಲ್ಲೇ ಇರುತ್ತೆ.

ನಾನು ಕಂಡುಕೊಂಡಿರೋದು ಇಷ್ಟು. ದಾರೀಲಿ ಹೋಗೋರಿಗೆಲ್ಲ ಬೆಲೆ ಹೇಳ್ಕೊಂಡು ತಿರುಗಬೇಕಾಗಿಲ್ಲ, ಅದೂ ಒಂದು ಥರ ಜಂಭವೇ. ಆದ್ರೆ ನನ್ನ ಗಾಡಿ ನೋಡಿ ಯಾರಾದ್ರೂ ಒಂದು ತೀರ್ಮಾನಕ್ಕೆ ಬರ್ತಿದ್ದರೆ, ಸಾಲ ಕೇಳೋಕೋ, ಹೆಣ್ಣು ಕೊಡೋಕೋ, ಜಾಮೀನು ಹಾಕಿಸ್ಕೊಳ್ಳೋಕೋ, ಅವರು ಕೇಳೋ ಮುಂಚೆ ನಾನೇ ಬೆಲೆ ಹೇಳಬೇಕು. ಅದು ಬೇಡ, ಗೌರವ ಬೇಕು ಅನ್ನೋದಾದ್ರೆ 60 ಲಕ್ಷದವನು ಕೊಡಬಹುದಾಗಿದ್ದ ಮೂರು ಲಕ್ಷವನ್ನೂ ಕೊಡೋಕೆ ತಯಾರಿರಬೇಕು. ಗೌರವ ಮಾತ್ರ ಇಟ್ಕೊಂಡು ಮೂರು ಲಕ್ಷಕ್ಕೆ ಕೈ ಆಡಿಸಿದ್ರೆ, ಅದೂ ಮೀಟರ್ ತಿರುಗಿಸಿದ ಹಾಗೇನೇ.

ಇದರಲ್ಲಿ ಅಪ್ಪನ ಲೆಕ್ಕ ಮಾತ್ರ ನನಗೆ ಬಗೆಹರಿದಿಲ್ಲ. ಚಿಕ್ಕಪ್ಪನಿಗೆ ನಾನು ಕೊಟ್ಟ ನಿಜದ ಖರ್ಚು ಬಿದ್ದಿದ್ದು ಅಪ್ಪನ ಮೇಲೆ. ಆ ಕುರ್ಚಿ ಅವರಿಗೆ ಗಾಡಿ ಬರೋಕೆ ಮುಂಚೇನೇ ಸಿಗಬೇಕಿತ್ತು, ಅದು ಬೇರೆ ಮಾತು. ವಿಷಯ ಊರಿಗೆಲ್ಲ ಗೊತ್ತಾಗೋಕೆ ಒಂದು ವಾರ ಹಿಡಿಯಲಿಲ್ಲ. ಸೊಸೈಟೀಲಿ ಈಗಲೂ ಕುರ್ಚಿ ಹಾಕ್ತಾರಾ ಅಂತ ಅಪ್ಪನ್ನ ನಾನು ಕೇಳಿಲ್ಲ, ಅವರೂ ಹೇಳಿಲ್ಲ.