ತೊಟ್ಟಿಯ ಮೀನೂ ಮನುವಿನ ಹೊಣೆಯೂ

ಬಲಿಷ್ಠನು ದುರ್ಬಲನನ್ನು ನುಂಗುವ ಸ್ಥಿತಿಗೆ ನಮ್ಮ ಪ್ರಾಚೀನರು ಮತ್ಸ್ಯನ್ಯಾಯವೆಂದು ಹೆಸರಿಟ್ಟರು. ದಂಡಧಾರಿಯಿಲ್ಲದ ನಾಡಿನಲ್ಲಿ ಈ ನ್ಯಾಯವೇ ನಡೆಯುವುದೆಂದು ಕೌಟಿಲ್ಯನ ಮತ. ಆದರೆ ಅರಸನು ತಾನೇ ಆರಿಸಿ ತಂದು ಕೂಡಿಹಾಕಿದ ಪ್ರಜೆಗಳೊಳಗೆ ಅದೇ ನ್ಯಾಯವು ನಡೆದರೆ ದೋಷವು ಯಾರದು? ಕಡಕೊಳದ ನಮ್ಮ ಮನೆಯ ಪಡಸಾಲೆಯಲ್ಲಿ, ಒಂದು ಗಾಜಿನ ತೊಟ್ಟಿಯ ಮುಂದೆ, ಈ ಪ್ರಶ್ನೆಯು ಹುಟ್ಟಿತು. ಇದು ನಗೆಯ ವಿಷಯವೆಂದು ಮೊದಲು ನಾನೂ ಎಣಿಸಿದ್ದೆನು.

ಮೊಮ್ಮಗನ ಹಟಕ್ಕೆ ಸೋತು ಮೈಸೂರಿನಿಂದ ಅದನ್ನು ತಂದವನು ನಾನೇ. ಉದ್ದ ಎರಡಡಿ, ಅಗಲ ಎತ್ತರಗಳು ಒಂದೊಂದಡಿ; ಸುಮಾರು 55 ಲೀಟರು ನೀರು. ಮೀನುಗಳನ್ನು ಬಣ್ಣ ನೋಡಿ ಆರಿಸಿದೆವು. ನೀಳ ರೆಕ್ಕೆಯ ಏಂಜೆಲ್ ಎರಡು, ಪಟ್ಟೆಯ ಟೈಗರ್ ಬಾರ್ಬ್ ಮೂರು, ಗಪ್ಪಿ ಆರು. ಗಾಜಿನ ಪಾಚಿಯನ್ನು ತಿಂದು ಶುಚಿಮಾಡುವುದೆಂದು ಅಂಗಡಿಯವನು ಹೊಗಳಿದ ಬೆರಳುದ್ದದ ಸಕ್ಕರ್ ಮೀನು ಒಂದು. ಹದಿನೈದು ದಿನಗಳೊಳಗೆ ಬಾರ್ಬುಗಳು ಏಂಜೆಲ್‌ಗಳ ರೆಕ್ಕೆಯನ್ನೂ ಗಪ್ಪಿಗಳ ಬಾಲವನ್ನೂ ಕಚ್ಚಿ ಹರಿದವು. ಒಂದೊಂದಾಗಿ ಎಂಟೂ ಸತ್ತವು. ಹುಡುಗನು ಬಾರ್ಬುಗಳನ್ನು ದುಷ್ಟಜಾತಿಯೆಂದು ಬೈದನು.

ದುಷ್ಟವೇನು? ಬಾರ್ಬು ಗುಂಪಿನಲ್ಲಿ ಬಾಳುವ ಪ್ರಾಣಿ. ಆರಕ್ಕೆ ಮೇಲ್ಪಟ್ಟು, ವಿಶಾಲವಾದ ಜಾಗದಲ್ಲಿದ್ದರೆ ಅವುಗಳ ಕಿತಾಪತಿಯು ಬಹುಮಟ್ಟಿಗೆ ತಮ್ಮತಮ್ಮೊಳಗೇ ತೀರುವುದು. ಮೂರನ್ನೇ ಇಕ್ಕಟ್ಟಿನಲ್ಲಿಟ್ಟರೆ, ಮೆಲ್ಲನೆ ಈಜುವ ನೀಳ ರೆಕ್ಕೆಯ ನೆರೆಯವರ ಮೇಲೆ ತಿರುಗುವುದು. ಏಂಜೆಲ್ಲಾದರೋ ಅಮೆಜಾನ್ ಸೀಮೆಯ ಮಂದಗತಿಯ ನೀರಿನದು. ಅಲ್ಲಿ ಆ ರೆಕ್ಕೆಯು ಭಾರವಲ್ಲ. ಇವೆರಡನ್ನು ಒಂದೆಡೆ ಸೇರಿಸಿದ್ದು ನಮ್ಮ ಕಣ್ಣಿನ ಸುಖ. ಇದಲ್ಲದೆ, ಮೀನುಗಳ ಮಲದಿಂದ ಹುಟ್ಟುವ ಅಮೋನಿಯಾ ವಿಷವನ್ನು ಕಳೆಯುವ ಸೂಕ್ಷ್ಮಜೀವಿಗಳು ಹೊಸ ತೊಟ್ಟಿಯಲ್ಲಿ ನೆಲೆಯೂರಲು ನಾಲ್ಕಾರು ವಾರ ಬೇಕಂತೆ. ನಾವು ಹನ್ನೆರಡನ್ನೂ ಒಂದೇ ದಿನ ಬಿಟ್ಟೆವು. ಬಾರ್ಬುಗಳ ತಲೆಗೆ ಕಟ್ಟಿದ ಸಾವುಗಳಲ್ಲಿ ಎಷ್ಟು ನಮ್ಮವೋ! ಮೂವತ್ತು ವರ್ಷ ಹುಡುಗರನ್ನು ಎತ್ತರ ನೋಡಿ ಸಾಲಿನಲ್ಲಿ ಕೂಡಿಸಿದ ಉಪಾಧ್ಯಾಯನಿಗೆ ಇದು ತಡವಾಗಿ ಹೊಳೆದ ಮಾತು.

ಬಾರ್ಬುಗಳನ್ನು ಹೆಚ್ಚು ಮೀನುಗಳಿದ್ದ ಪರಿಚಿತರೊಬ್ಬರ ದೊಡ್ಡ ತೊಟ್ಟಿಗೆ ಕೊಟ್ಟೆವು. ಉಳಿದದ್ದು ಸಕ್ಕರ್. ಎರಡು ವರ್ಷಗಳಲ್ಲಿ ಅದು ಮುಕ್ಕಾಲು ಅಡಿಯಾಗಿ, ತಿರುಗಲು ಎಡೆಯಿಲ್ಲದೆ ಗಾಜಿಗೆ ಬಡಿಯತೊಡಗಿತು. ಪಾಠಶಾಲೆಯ ಹಳೆಯ ಸಹಪಾಠಿಗಳೊಬ್ಬರು, “ಏಕಾದಶಿಯ ದಿನ ನಂಜನಗೂಡಿಗೆ ಒಯ್ದು ಕಪಿಲೆಯಲ್ಲಿ ಬಿಟ್ಟುಬಿಡಿ, ಮೇಷ್ಟ್ರೆ, ಬಂಧಮೋಚನದ ಪುಣ್ಯ ಬಂದೀತು” ಎಂದರು. ಶತಪಥಬ್ರಾಹ್ಮಣದ ಮನುವಿನ ಕಥೆಯೂ ಅವರ ಪಕ್ಷದಲ್ಲಿದ್ದಿತು. ದೊಡ್ಡ ಮೀನುಗಳಿಗೆ ಅಂಜಿ ತನ್ನ ಕೈಗೆ ಬಂದ ಮರಿಮೀನನ್ನು ಮನುವು ಕುಂಭದಲ್ಲಿಟ್ಟನು. ಬೆಳೆದಾಗ ಹೊಂಡಕ್ಕೂ, ಕಡೆಗೆ ಸಮುದ್ರಕ್ಕೂ ಒಯ್ದನು. ನಾನು ಬಕೆಟ್ಟನ್ನೂ ಸಿದ್ಧಪಡಿಸಿದ್ದೆನು.

ಆದರೆ ಮನುವು ಮೀನನ್ನು ಅದರದೇ ನೀರಿಗೆ ಮುಟ್ಟಿಸಿದನು. ನಮ್ಮ ಸಕ್ಕರ್ ದಕ್ಷಿಣ ಅಮೆರಿಕೆಯದು. ಹೀಗೆ ತೊಟ್ಟಿಗಳಿಂದ ಹೊರಬಿದ್ದ ಇದರ ಬಳಗವು ನಮ್ಮ ದೇಶದ ಎಷ್ಟೋ ಕೆರೆಹೊಳೆಗಳಲ್ಲಿ ಬೇರೂರಿದೆ. ಮೈಮೇಲೆ ಮೂಳೆಯ ಕವಚವಿರುವುದರಿಂದ ಅದನ್ನು ತಿನ್ನುವವು ವಿರಳ. ಮೊಟ್ಟೆಯಿಡಲು ದಡವನ್ನೇ ಕೊರೆಯುವುದು. ಕಪಿಲೆಯು ತಿರುಮಕೂಡಲಿನಲ್ಲಿ ಕಾವೇರಿಯನ್ನು ಸೇರುವುದಷ್ಟೆ. ಆ ಕಾವೇರಿಯದೇ ಆದ, ಕಿತ್ತಳೆ ರೆಕ್ಕೆಯ ಗೂನುಬೆನ್ನಿನ ಮಹಶೀರವು 2018ರಲ್ಲಿ ಅಳಿವಿನ ಅಂಚಿನ ಪಟ್ಟಿಗೆ ಸೇರಿತು. ಮೀನು ಹೆಚ್ಚಲೆಂದು ಬೇರೆ ಜಾತಿಯ ಮಹಶೀರದ ಮರಿಗಳನ್ನು ಹೊಳೆಗೆ ಬಿಟ್ಟದ್ದೂ ಅದಕ್ಕೊಂದು ಕಾರಣವೆಂದು ತಜ್ಞರು ಎಣಿಸುವರು. ಬಿಟ್ಟವರ ಸಂಕಲ್ಪವು ಕೆಟ್ಟದಾಗಿರಲಿಲ್ಲ.

ಬಕೆಟ್ಟನ್ನು ಒಳಗಿಟ್ಟೆನು. ಸಹಪಾಠಿಗಳಿಗೆ ಸ್ವಲ್ಪ ಬೇಸರವಾಯಿತು. ಶಾಸ್ತ್ರ ಓದಿಯೂ ನನಗೆ ದಯೆ ಬರಲಿಲ್ಲವೆಂದರು.

ಗಾಜಿನ ತೊಟ್ಟಿಯಲ್ಲಿ ಈಗ ಎಂಟು ಜೀಬ್ರಾ ಮೀನುಗಳಿವೆ; ನಮ್ಮ ದೇಶದ ಹೊಳೆಗಳದೇ ಜಾತಿ, ಎರಡಂಗುಲ ಮೀರವು. ಸಕ್ಕರ್ ಹಿತ್ತಲಿನ ಹಳೆಯ ಸಿಮೆಂಟು ತೊಟ್ಟಿಯಲ್ಲಿ, ಬಲೆಯ ಮುಚ್ಚಿಗೆಯ ಕೆಳಗಿದೆ. ರಾತ್ರಿ ಹಾಕಿದ ಸೌತೆಕಾಯಿಯ ಬಿಲ್ಲೆಯಲ್ಲಿ ಬೆಳಗಿಗೆ ಸಿಪ್ಪೆಯ ಬಳೆಯಷ್ಟೇ ಉಳಿದಿರುವುದು. ಈ ಜಾತಿಯು ಹತ್ತು ಹದಿನೈದು ವರ್ಷ ಬದುಕುವುದುಂಟು, ನನಗೆ 68. ಮೊನ್ನೆ ಮೊಮ್ಮಗನನ್ನು ಕರೆದು ಈ ಲೆಕ್ಕವನ್ನು ತಿಳಿಸಿದೆನು. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, “ಸೌತೆಕಾಯಿ ಎಷ್ಟು ದಪ್ಪ ಹೆಚ್ಚಬೇಕು, ತಾತ?” ಎಂದು ಕೇಳಿದನು.