ಇಪ್ಪತ್ತು ರೂಪಾಯಿಯ ರಸೀತಿ

ನಮ್ಮ ಬೀದಿಯಲ್ಲಿ ಇಸ್ತ್ರಿ ಹಾಕುವವರ ಮಗನಿಗೆ ಹೃದಯದ ಆಪರೇಷನ್ ಆಗಬೇಕಿತ್ತು. ರಸೀತಿ ಪುಸ್ತಕ ಹಿಡಿದು ನಾವು ನಾಲ್ಕು ಜನ ಮೈಸೂರಿನ ಈ ಬಡಾವಣೆಯಲ್ಲಿ ಮನೆಮನೆಗೆ ಹೋದೆವು. ತಿರುವಿನಲ್ಲಿ ಹೂ ಕಟ್ಟುವ ಅಮ್ಮ ತಾವೇ ಕರೆದು, ಸೆರಗಿನ ಗಂಟು ಬಿಚ್ಚಿ, ನಾಲ್ಕು ಮಡಿಕೆಯ 20 ರೂಪಾಯಿ ನೋಟು ಕೊಟ್ಟರು. ಹೂವಿಗೆ ಚಿಮುಕಿಸಿದ ನೀರಿನಿಂದ ನೋಟು ಒದ್ದೆಯಾಗಿತ್ತು. ನಾನು ಕೈಮುಗಿದು ಹೊರಟೆ.

“ಚೀಟಿ ಬರ್ಕೊಡಿ ಸ್ವಾಮಿ, ನಾನೂ ಕೊಟ್ಟಿವ್ನಿ” ಅಂದರು.

ಐನೂರು ಕೊಟ್ಟವರಿಗೆಲ್ಲ ಕೇಳದೆಯೇ ಬರೆದುಕೊಟ್ಟಿದ್ದೆ. ಇಪ್ಪತ್ತಕ್ಕೇಕೆ ಅಂತ ಕೈ ತಡೆದದ್ದು ನೆನೆದು ನಾಚಿಕೆಯಾಯಿತು.

ನಾನು ಹುಟ್ಟಿದ್ದು ಬಂಡೀಪುರ ಕಾಡಿನಂಚಿನ ಎನ್. ಬೇಗೂರಿನಲ್ಲಿ. ಊರಹಬ್ಬಕ್ಕೆ ಮನೆಗಿಷ್ಟು ಅಂತ ವರಾಡ ಹಾಕುತ್ತಿದ್ದರು. ದುಡ್ಡಿಲ್ಲದವರು ಎರಡು ಸೇರು ರಾಗಿ ತರುತ್ತಿದ್ದರು, ಅದೂ ಇಲ್ಲದವರು ಸೌದೆ ಒಡೆಯುತ್ತಿದ್ದರು. ಹಬ್ಬ ಮುಗಿದು ಅರಳಿಕಟ್ಟೆಯಲ್ಲಿ ಲೆಕ್ಕ ಓದುವಾಗ ಸೌದೆ ಒಡೆದವನ ಹೆಸರೂ ಬರುತ್ತಿತ್ತು. ಎಣ್ಣೆಗೆ ಇಷ್ಟು ಹೇಗಾಯಿತು ಅಂತ ಅವನೂ ಎದ್ದು ಕೇಳುತ್ತಿದ್ದ. ಕೇಳುವ ಆ ಹಕ್ಕೇ ಅವನು ಊರಿನವನು ಅನ್ನುವುದಕ್ಕೆ ಗುರುತು.

1934ರಲ್ಲಿ ಹರಿಜನ ನಿಧಿಗಾಗಿ ಗಾಂಧೀಜಿ ನಮ್ಮ ಸೀಮೆಗೆ ಬಂದಿದ್ದರು. ಹಸ್ತಾಕ್ಷರಕ್ಕೂ 5 ರೂಪಾಯಿ ಕೇಳುತ್ತಿದ್ದವರು ಅವರು. ಬಳೆ ಬಿಚ್ಚಿಕೊಟ್ಟರೂ ತೆಗೆದುಕೊಳ್ಳುತ್ತಿದ್ದರು, ಕಾಸು ಕೊಟ್ಟರೂ ತೆಗೆದುಕೊಳ್ಳುತ್ತಿದ್ದರು. ಬೇಡುವುದಕ್ಕೆ ಸಂಕೋಚವಿರಲಿಲ್ಲ, ಯಾಕೆಂದರೆ ಲೆಕ್ಕ ಒಪ್ಪಿಸುವುದಕ್ಕೂ ಇರಲಿಲ್ಲ.

ಆದರೆ ಸಿದ್ಧಗಂಗೆಯ ಶಿವಕುಮಾರ ಸ್ವಾಮೀಜಿಯವರ ಜೋಳಿಗೆಯಲ್ಲಿ ರಸೀತಿಯೇ ಇರಲಿಲ್ಲವಲ್ಲ ಅಂತಲೂ ಯೋಚಿಸಿದ್ದೇನೆ. ಅಲ್ಲಿ ಹಿಡಿ ರಾಗಿ, ಮೂಟೆ ರಾಗಿ ಎರಡೂ ಒಂದೇ ಹಂಡೆಗೆ ಬಿದ್ದು ಮಕ್ಕಳ ಮುದ್ದೆಯಾಗುತ್ತಿದ್ದವು. ಯಾರದು ಯಾವುದು ಅಂತ ಯಾರಿಗೂ ತಿಳಿಯದು. ಅದೂ ಸಮಾನತೆಯೇ. ನಾವು ಮಾಡುತ್ತಿರುವುದು ಮಾತ್ರ ಎರಡೂ ಅಲ್ಲ. ದೊಡ್ಡ ನೋಟಿನವರ ಮುಖ ಫ್ಲೆಕ್ಸಿನಲ್ಲಿ, ಚಿಲ್ಲರೆಯವರ ಹೆಸರು ‘ಇತರರು’ ಅನ್ನುವ ಒಂದು ಸಾಲಿನಲ್ಲಿ. ಇದು ತಪ್ಪು. ಬರೆದರೆ ಎಲ್ಲರದೂ ಬರೆಯಬೇಕು, ಇಲ್ಲದಿದ್ದರೆ ಯಾರದೂ ಬೇಡ.

ಆಪರೇಷನ್ ಆಗಿ ಹುಡುಗ ಮನೆಗೆ ಬಂದ. ಭಾನುವಾರ ಸಂಜೆ ಗಣಪತಿ ಗುಡಿಯ ಜಗಲಿಯಲ್ಲಿ ಲೆಕ್ಕ ಓದಿದೆವು. ಐನೂರು ಕೊಟ್ಟವರಲ್ಲಿ ಹೆಚ್ಚಿನವರು ಬಂದಿರಲಿಲ್ಲ. ಹೂವಿನಮ್ಮ ವ್ಯಾಪಾರದ ಹೊತ್ತಿನಲ್ಲೇ ಬುಟ್ಟಿ ಬೇರೆಯವರಿಗೆ ಒಪ್ಪಿಸಿ ಬಂದು ಕೂತಿದ್ದರು. ಉಳಿದದ್ದೆಷ್ಟು ಅಂತ ಮೊದಲು ಕೇಳಿದ್ದು ಅವರೇ.

1,340 ರೂಪಾಯಿ ಉಳಿದಿತ್ತು.

“ಮಗೀನ ಮಾತ್ರೆಗಿರ್ಲಿ, ಯಾರೂ ಮುಟ್ಬೇಡಿ” ಅಂದರು.